ಗಂಟೆಯ ಹಗ್ಗ

ಈಸೂರು
12 ನವೆಂಬರ್ 2024

ಚನ್ನೇಶನ ಅಪ್ಪಾಜಿಯವರಿಗೆ ಶಕುಂತಲಾ ಮಾಡುವ ಶರಣು.

ಹೀಗೆ ಬರೆಯಬೇಕೋ ಬೇಡವೋ ಎಂದು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಇನ್ನು ಮೇಲೆ ಮಗಳ ಹೆಸರು ಹಿಡಿದು ರಕ್ಷಿತಾಳ ಅಪ್ಪ ಅನ್ನು ಎಂದು ಅತ್ತೆ ಹೇಳುತ್ತಾರೆ. ಮಗ ಹುಟ್ಟಿದಾಗಿನಿಂದ ನಿಮ್ಮನ್ನು ಕರೆದದ್ದು ಹೀಗೇ, ಈಗ ಬೇರೆ ಕರೆಯಲು ನನಗೆ ಬಾಯಿ ಬರುವುದಿಲ್ಲ. ಹೇಗಿದ್ದೀರಿ? ಭತ್ತದ ಧೂಳು ಕಂಡರೆ ನಿಮಗೆ ಮೊದಲೇ ಕೆಮ್ಮು. ಗಂಗಾವತಿಯ ಆ ಕಟಾವು ಮಷೀನಿನ ಹಿಂದೆ ಬಾಯಿಗೆ ಟವೆಲ್ಲಾದರೂ ಕಟ್ಟಿಕೊಳ್ಳುತ್ತೀರೋ ಇಲ್ಲವೋ. ನಿಮ್ಮ ಜೊತೆ ಮಷೀನಿನಲ್ಲಿ ದುಡಿಯುವ ಕೊಟ್ರೇಶಿ ದೀಪಾವಳಿಗೆ ಊರಿಗೆ ಬಂದವನು ಇವತ್ತು ವಾಪಸು ಹೊರಟಿದ್ದಾನೆ. "ಅಣ್ಣ ಉಣ್ತಾನ್ರೀ ಅತ್ಗೆ, ಮಾತಾಡಂಗಿಲ್ಲ ಅಷ್ಟ" ಎಂದ. ನಿಮಗೆ ಫೋನ್ ಮಾಡಿದರೆ ಯಾವಾಗಲೂ ಸ್ವಿಚ್ ಆಫ್. ಕಾಗದವನ್ನು ಹಾಗೆ ಆಫ್ ಮಾಡಲು ಬರುವುದಿಲ್ಲವಲ್ಲ ಎಂದು ಅವನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ.

ಇಲ್ಲಿ ಎಲ್ಲರೂ ಇದ್ದೇವೆ. ಅತ್ತೆಯ ಮೊಣಕಾಲು ಹಾಗೇ ಇದೆ, ಬೈಗುಳವೂ ಹಾಗೇ ಇದೆ. ಮೆಕ್ಕೆಜೋಳ ಮುರಿದು ಕಣಕ್ಕೆ ಹಾಕಿಯಾಯಿತು. ಎಮ್ಮೆ ಈದಿದೆ, ಹೆಣ್ಣುಗರು. ಹೊಲದ ಮೂಲೆಯಲ್ಲಿ ಚನ್ನೇಶನನ್ನು ಮಣ್ಣು ಮಾಡಿದ ಜಾಗದಲ್ಲಿ ಗರಿಕೆ ಎದ್ದಿದೆ, ಕೀಳಬೇಡಿ ಎಂದು ಆಳುಗಳಿಗೆ ಹೇಳಿದ್ದೇನೆ. ಇನ್ನೊಂದು ಮಾತು. ಗಂಗಾವತಿಗೆ ಹೊರಟ ದಿನ ನೀವು ಕೊರಳಿನ ಲಿಂಗದ ಕರಡಿಗೆ ಬಿಚ್ಚಿ ದೇವರ ಕೋಣೆಯ ಗೂಟಕ್ಕೆ ತಗುಲಿಸಿ ಹೋದಿರಿ. ಉಸಿರಿರುವ ಮನುಷ್ಯ ಲಿಂಗ ಬಿಚ್ಚಿಡುತ್ತಾನೇನೇ ಎಂದು ಅತ್ತೆ ಎದೆ ಬಡಿದುಕೊಂಡು ಅತ್ತರು. ನಾನು ಹೊರಗೆ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ದಿನಾ ಬೆಳಗ್ಗೆ ನನ್ನ ಪೂಜೆ ಮುಗಿದ ಮೇಲೆ ನಿಮ್ಮ ಲಿಂಗಕ್ಕೂ ನೀರು ಹಾಕಿ, ವಿಭೂತಿ ಹಚ್ಚಿ, ಮತ್ತೆ ಅದೇ ಗೂಟಕ್ಕೆ ತಗುಲಿಸುತ್ತೇನೆ. ಒಬ್ಬರ ಲಿಂಗವನ್ನು ಇನ್ನೊಬ್ಬರು ಪೂಜೆ ಮಾಡಬಹುದೋ ಇಲ್ಲವೋ, ಮಠದ ಸ್ವಾಮಿಗಳನ್ನು ಕೇಳಲಿಲ್ಲ. ಕೇಳಿ, ಅವರು ಬೇಡ ಅಂದುಬಿಟ್ಟರೆ ಏನು ಮಾಡಲಿ?

ಚನ್ನೇಶನನ್ನು ಶಿಕಾರಿಪುರದ ಲೂಥರನ್ ಹೈಸ್ಕೂಲಿಗೆ ಸೇರಿಸುವಾಗ ಅತ್ತೆ ಎಷ್ಟು ರಂಪ ಮಾಡಿದ್ದರು, ನೆನಪಿದೆಯಾ? ಹುಡುಗ ಜಾತಿ ಕೆಡ್ತಾನ ಎಂದು ಊಟ ಬಿಟ್ಟಿದ್ದರು. "ಪ್ರಾರ್ಥನಿ ಅಂದ್ರ ಪ್ರಾರ್ಥನಿ, ಯಾರ ಮನಿದಾದ್ರ ಏನವ್ವಾ" ಎಂದು ನೀವೇ ಸಮಾಧಾನ ಮಾಡಿದಿರಿ. ಆ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಗಂಟೆ ಹೊಡೆಯುವವರನ್ನು ಮೇಷ್ಟ್ರು ಆರಿಸುವುದಿಲ್ಲ, ಮಕ್ಕಳೇ ಆರಿಸುತ್ತಾರೆ. ನಮ್ಮವನನ್ನು ಆರಿಸಿದ ದಿನ ಶಾಲೆಗೆ ಶಾಲೆಯೇ ನಕ್ಕಿತ್ತಂತೆ, ನೆಗೆದರೂ ಗಿಡ್ಡನಿಗೆ ಹಗ್ಗ ಸಿಗಲಿಲ್ಲವಂತೆ. ಮುಖ ಊದಿಸಿಕೊಂಡು ಬಂದವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಟ್ಟೆಯ ಮೇಲೆ ಪುಂಡಿನಾರಿನ ಹಗ್ಗ ಹೊಸೆದುಕೊಟ್ಟವರು ನೀವು. ತುದಿಯನ್ನು ಇವನೇ ಹಿಡಿಯಬೇಕು, ನೀವು ಹುರಿ ಹಾಕಬೇಕು. ಸರಿಯಾಗಿ ಹಿಡಿಯೋ ದಡ್ಡಾ ಎಂದು ನೀವು, ಹಿಡಿದೇ ಇದ್ದೀನಿ ಎಂದು ಅವನು. ಮಾರನೇ ದಿನ ಶಾಲೆಯ ಹಗ್ಗದ ತುದಿಗೆ ಅದನ್ನು ಗಂಟು ಹಾಕಿ ಬಂದ. ಅಂಗೈ ಕೆಂಪಗಾಗಿತ್ತು. ಗಂಟೆ ಹೊಡೆಯುವವನು ಲಿಂಗಾಯತ, ಪ್ರಾರ್ಥನೆ ಮಾಡಿಸುವವರು ಕ್ರಿಶ್ಚಿಯನ್ನರು, ಬಾಗಿಲು ತೆಗೆಯುವ ಅಟೆಂಡರ್ ಜಟ್ಟಪ್ಪ ಚೌಡಮ್ಮನ ಭಕ್ತ, ಯಾವ ದೇವರು ಕೇಳಿಸಿಕೊಳ್ಳಬೇಕೋ ಮಾರಾಯ ಎಂದು ನಾನು ರೇಗಿಸಿದ್ದೆ. "ಎಲ್ಲಾರ್ಗೂ ಕೇಳ್ಲಿ ಅಂತಾನ ಜೋರು ಹೊಡಿತೀನವ್ವಾ" ಎಂದಿದ್ದ.

ಜುಲೈನಲ್ಲಿ ಡೆಂಗಿ ಬಂದು ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಲಗಿದಾಗ ಆ ಮಕ್ಕಳು ಮಧ್ಯಾಹ್ನದ ಹೊತ್ತು ಊಟ ಬಿಟ್ಟು ಅವನಿಗಾಗಿ ಪ್ರಾರ್ಥನೆ ಮಾಡಿದರು. ನೀವು ಆಸ್ಪತ್ರೆಯಿಂದ ನೇರ ಬಸ್ಸಿನಲ್ಲಿ ಬಂದು ಅವರ ನಡುವೆ ಮಂಡಿಯೂರಿ ಕೂತಿರಂತೆ. ಸ್ವಂತ ಮದುವೆಯಲ್ಲಿ ಸ್ವಾಮಿಗಳ ಪಾದ ಮುಟ್ಟಲು ಬಗ್ಗುವಾಗಲೂ ಪಂಚೆ ಕೊಳೆಯಾಗುತ್ತದೆ ಎಂದವರು ನೀವು. ಆ ಸುದ್ದಿ ಕೇಳಿ, ಇವರೇ ಮಂಡಿಯೂರಿದ ಮೇಲೆ ಹುಡುಗ ಉಳಿದೇ ಉಳಿಯುತ್ತಾನೆ ಎಂದು ನಾನು ನಂಬಿಬಿಟ್ಟೆ. ಉಳಿಯಲಿಲ್ಲ. ಮೂರನೇ ದಿನಕ್ಕೆ ಪಾದ್ರಿಯವರು ಶಾಲೆಯವರನ್ನೆಲ್ಲ ಕರೆದುಕೊಂಡು, ಅಡಿಗೆ ಮಾಡಿಸಿಕೊಂಡು ನಮ್ಮ ಅಂಗಳಕ್ಕೆ ಬಂದಾಗ ನೀವು ಕೂಗಿದ್ದು ಇಡೀ ಓಣಿಗೆ ಕೇಳಿತು. "ನಿಮ್ ದೇವ್ರಿಗೂ ಕೇಳ್ದೆ, ನಮ್ ದೇವ್ರಿಗೂ ಕೇಳ್ದೆ. ಇಬ್ರೂ ಕಿವುಡ್ರೇನ್ರೀ?" ಆ ಅಡಿಗೆಯನ್ನು ಯಾರೂ ಮುಟ್ಟಲಿಲ್ಲ. ಆಮೇಲೆ ನೀವು ಪೇಟೆಗೆ ಹೋದರೂ ಶಾಲೆಯ ರಸ್ತೆ ಬಿಟ್ಟು ಸುತ್ತುಹಾಕಿ ಬರುತ್ತಿದ್ದುದು ನನಗೆ ಗೊತ್ತಿಲ್ಲ ಅಂದುಕೊಂಡಿರಾ? ಮೊನ್ನೆ ಸಂತೆಯಲ್ಲಿ ಪಾದ್ರಿಯವರು ಸಿಕ್ಕಿದ್ದರು. ಅವತ್ತಿನ ಮಾತಿಗೆ ನಾನು ಕ್ಷಮೆ ಕೇಳಲು ಹೋದರೆ ಆ ಮನುಷ್ಯ ಟೊಮೆಟೊ ಚೀಲ ಹಿಡಿದುಕೊಂಡೇ ಕಣ್ಣು ಒರೆಸಿಕೊಂಡರು. "ಅವರು ಬೈದ್ರಲ್ಲಮ್ಮಾ, ಒಳ್ಳೇದಾತು. ನಂಗೂ ಹಂಗೇ ಬೈಬೇಕು ಅನ್ಸಿತ್ತು, ಆಗ್ಲಿಲ್ಲ" ಎಂದರು.

ಈಗ ಸುದ್ದಿಗೆ ಬರುತ್ತೇನೆ. ಕ್ರಿಸ್‌ಮಸ್ಸಿಗೆ ಕಾಯುವ ವಾರಗಳು ಶುರುವಾಗುವ ಮುಂಚಿನ ಭಾನುವಾರ ಅವರಲ್ಲಿ ಒಂದು ಪದ್ಧತಿ ಇದೆ. ಆ ವರ್ಷ ತೀರಿಕೊಂಡವರ ಹೆಸರುಗಳನ್ನು ಶಾಲೆಯ ಪ್ರಾರ್ಥನಾ ಮಂದಿರದಲ್ಲಿ ಓದುತ್ತಾರೆ. ಶಾಲೆಗೆ ಸೇರಿದವರಾದರೆ ಸಾಕು, ಯಾವ ಮತದವರಾದರೂ ಆದೀತು. ಒಂದೊಂದು ಹೆಸರಿಗೂ ಆ ಮನೆಯವರೇ ಹೋಗಿ ಅದೇ ಗಂಟೆ ಹೊಡೆಯಬೇಕು. ಹೋದ ವರ್ಷ ಹಾಗೆ ಬಂದ ಒಬ್ಬ ಮುದುಕಮ್ಮನಿಗೆ ಬಲ ಸಾಲದೆ ಚನ್ನೇಶನೇ ಆಕೆಯ ಕೈ ಮೇಲೆ ಕೈಯಿಟ್ಟು ಹಗ್ಗ ಎಳೆಸಿದ್ದನಂತೆ. ಈ ಸಲ ಅದು ಇದೇ ತಿಂಗಳ ಇಪ್ಪತ್ತನಾಲ್ಕನೇ ತಾರೀಖು. ಹೆಡ್ ಮಿಸ್ ಸೌಂದರ್ಯ ಮನೆಗೇ ಬಂದು ಕೂತು, ಮನೆಯವರು ಬಾರದೆ ಹೆಸರು ಓದುವ ವಾಡಿಕೆಯಿಲ್ಲ, ನಿಮಗೆ ಕಷ್ಟವಾದರೆ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳೋಣ ಎಂದರು. ಇಟ್ಟುಕೊಳ್ಳಲು ಅದೇನು ಉಪ್ಪಿನಕಾಯಿಯೇ? ಅವರಪ್ಪ ಬರ್ತಾರ್ರೀ ಎಂದುಬಿಟ್ಟೆ. ನಾನೊಬ್ಬಳೇ ಹೋದರೆ ಸಾಕೇನೋ ಎಂದು ಆಮೇಲೆ ಶಾಲೆಗೆ ಹೋಗಿ ನೋಡಿದೆ. ಮಗ ಹೋದ ಮೇಲೆ ಆ ಹಗ್ಗವನ್ನು ಯಾರೂ ಮುಟ್ಟಿಲ್ಲ, ಜಟ್ಟಪ್ಪ ಒಂದು ರೈಲುಕಂಬಿಯ ತುಂಡನ್ನು ಬಡಿದು ಪೀರಿಯಡ್ ಬಿಡುತ್ತಿದ್ದಾನೆ. ನೀವು ಹೊಸೆದ ಹಗ್ಗ ಅವನು ಹಿಡಿಯುತ್ತಿದ್ದ ಕಡೆ ನುಣ್ಣಗಾಗಿದೆ. ಅಲ್ಲಿ ಕೈಯಿಟ್ಟೆ. ಎಳೆಯಲು ಆಗಲಿಲ್ಲ, ಅಲ್ಲೇ ಕೂತು ಅತ್ತುಬಿಟ್ಟೆ. ಜಟ್ಟಪ್ಪ ನೀರು ತಂದುಕೊಟ್ಟ.

ಯಾವ ದೇವರನ್ನಾದರೂ ನಂಬಿ ಎಂದು ನಾನು ನಿಮ್ಮನ್ನು ಕರೆಯುತ್ತಿಲ್ಲ. ಬೈಯುವುದಿದ್ದರೆ ಬಂದು ಅಲ್ಲೇ ಬೈಯಿರಿ. ಲಿಂಗ ಕಟ್ಟಿಕೊಳ್ಳದಿದ್ದರೂ ಚಿಂತೆಯಿಲ್ಲ, ಇನ್ನಷ್ಟು ದಿನ ನಾನೇ ನೀರು ಹಾಕುತ್ತೇನೆ. ಮಗನ ಹೆಸರು ಓದುವಾಗ ನನ್ನ ಪಕ್ಕದಲ್ಲಿ ನಿಂತುಕೊಳ್ಳಿ, ಅಷ್ಟು ಸಾಕು. ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ. ಕೊಟ್ರೇಶಿಯ ಕೈಯಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ ಕಳಿಸಿದ್ದೇನೆ, ಅವನಿಗೂ ಸ್ವಲ್ಪ ಕೊಡಿ. ಮೈ ಕಡೆ ನೋಡಿಕೊಳ್ಳಿ.

ನಿಮ್ಮ ದಾರಿ ನೋಡುತ್ತಿರುವ,
ಶಕುಂತಲಾ

ಮರೆತ ಮಾತು: ಕೊಟ್ರೇಶಿ ಬಾಗಿಲಲ್ಲಿ ನಿಂತು ಬಸ್ಸು ಹೋಗ್ತೈತಿ ಬರ್ರಿ ಎಂದು ಅವಸರ ಮಾಡುತ್ತಿದ್ದಾನೆ. ಅಪ್ಪಾಜಿಗೆ ಹೇಳಬ್ಯಾಡ ಎಂದು ರಕ್ಷಿತಾ ಆಣೆ ಹಾಕಿಸಿಕೊಂಡಿದ್ದಳು, ಆದರೂ ಬರೆಯುತ್ತೇನೆ. ಅಣ್ಣನ ಶಾಲೆಯಲ್ಲೇ ಗಂಟೆ ಹೊಡೆಯಲು ಮಕ್ಕಳು ಈ ಸಲ ಅವಳನ್ನು ಆರಿಸಿದ್ದಾರೆ. ಆ ಭಾನುವಾರದ ಮಾರನೇ ಬೆಳಗಿನಿಂದ ಶುರು. ಅವಳು ಅಣ್ಣನಿಗಿಂತ ಗಿಡ್ಡ, ಅವನ ಹಗ್ಗವೂ ಅವಳಿಗೆ ಎಟುಕುವುದಿಲ್ಲ. ಜಟ್ಟಪ್ಪ ನೈಲಾನ್ ಹಗ್ಗ ತಂದರೆ ಬೇಡವೆಂದಳಂತೆ. ಅಣ್ಣನದನ್ನು ಬಿಚ್ಚಬಾರದು, ಅದರ ತುದಿಗೇ ಕಟ್ಟಬೇಕು, ಅಪ್ಪಾಜಿಯೇ ಹೊಸೆಯಬೇಕು ಎಂದು ಹಟ. ಹಿತ್ತಿಲ ಬಕೆಟ್ಟಿನಲ್ಲಿ ಪುಂಡಿನಾರು ನೆನೆಹಾಕಿ ಇಟ್ಟಿದ್ದಾಳೆ. ದಿನಾ ಶಾಲೆಯಿಂದ ಬಂದವಳೇ ಅದರ ನೀರು ಬದಲಿಸುತ್ತಾಳೆ. ನಾರು ಬಹಳ ದಿನ ನೆನೆದರೆ ಕೊಳೆತುಹೋಗುತ್ತದೆ, ಅದು ನಿಮಗೂ ಗೊತ್ತು. ಅವಳಿಗೆ ನಾನು ಇನ್ನೂ ಹೇಳಿಲ್ಲ.