ಯಶೋಧರಾಳನ್ನು ಕೊಟ್ಟು ಗಾಜಿನ ಬೋರ್ಡು ತರುವವರಿಗೆ

ನಮ್ಮೂರ ಬ್ಯಾಸ್ಕೆಟ್‌ಬಾಲ್ ಸಂಘದ ಘನ ಅಧ್ಯಕ್ಷರೇ,

ನಮ್ಮ ಹೆಣ್ಣುಮಕ್ಕಳ ತಂಡದ ಯಶೋಧರಾಳನ್ನು ಹೊರಜಿಲ್ಲೆಯ ದೊಡ್ಡ ಕ್ಲಬ್ಬೊಂದಕ್ಕೆ ಕೊಟ್ಟು, ಬದಲಿಗೆ ಬುಟ್ಟಿಯ ಹಿಂದೆ ನಿಲ್ಲಿಸುವ ಎರಡು ಗಾಜಿನ ಬೋರ್ಡು ಮತ್ತು ಎತ್ತರದ ಇಬ್ಬರು ಆಟಗಾರ್ತಿಯರನ್ನು ಪಡೆಯುವುದೆಂದು ತಾವು ತೀರ್ಮಾನಿಸಿದ್ದೀರಿ. ತೀರ್ಮಾನದ ಮರುದಿನವೇ ಹರಪನಹಳ್ಳಿ ಬಸ್ ನಿಲ್ದಾಣದ ಎದುರು ಅಭಿನಂದನೆಯ ಫ್ಲೆಕ್ಸ್ ಕೂಡ ಎದ್ದಿದೆ. ಅದರಲ್ಲಿ ಬೋರ್ಡುಗಳಿವೆ, ಕೈ ಮುಗಿದ ತಾವಿದ್ದೀರಿ, ತಮಗೆ ಶುಭ ಕೋರುವ ಹತ್ತು ಹದಿನೈದು ಮಂದಿ ಇದ್ದಾರೆ. ಯಶೋಧರಾ ಮಾತ್ರ ಇಲ್ಲ. ಬರುವ ಮಾಲಿನ ಚಿತ್ರ ಹಾಕಿದವರು ಹೋಗುವ ಮಾಲಿನದು ಯಾಕೆ ಎಂದು ಬಿಟ್ಟಿರಬೇಕು.

ನಾನು ಯಾರೆಂದು ತಮಗೆ ಗೊತ್ತು. ಪತ್ರ ಓದುವ ಉಳಿದವರಿಗಾಗಿ ಹೇಳುತ್ತೇನೆ. ಮಾರುಕಟ್ಟೆ ಪ್ರಾಂಗಣದಲ್ಲಿ ನನ್ನದೊಂದು ಮೆಕ್ಕೆಜೋಳದ ದಲಾಲಿ ಅಂಗಡಿ. ಮಗಳು ಅರ್ಚನಾ ಇದೇ ತಂಡದಲ್ಲಿ ಆಡುತ್ತಾಳೆ, ಚೆಂಡು ತಂದು ಯಶೋಧರಾಳ ಕೈಗೆ ಮುಟ್ಟಿಸುವುದು ಅವಳ ಕೆಲಸ. ಈ ಆಟದ ಅರ್ಧ ನಿಯಮಗಳು ನನಗೆ ಈಗಲೂ ತಿಳಿಯವು. ರೆಫರಿ ಪೀಪಿ ಊದಿದಾಗಲೆಲ್ಲ ತಪ್ಪು ಎದುರಿನವರದೇ ಎಂದು ನಂಬುವವರ ಪೈಕಿ ನಾನು. ಆದರೆ ಕೊಡುವುದು ತರುವುದು, ಮಾಲು ನೋಡುವುದು, ಮಾತು ಮುಗಿಸುವುದು ನನ್ನ ಜೀವಮಾನದ ಕಸುಬು. ತಾವು ನನ್ನ ಕಸುಬಿಗೆ ಕೈ ಹಾಕಿದ್ದೀರಿ. ಅದನ್ನು ಕೆಟ್ಟದಾಗಿ ಮಾಡಿದ್ದೀರಿ ಎಂಬುದೇ ನನ್ನ ಮೊದಲ ಸಿಟ್ಟು.

ಕಳೆದ ಭಾನುವಾರದ ಸಭೆಯಲ್ಲಿ ತಾವು ಮೊಬೈಲ್ ಎತ್ತಿ ಹಿಡಿದು, "ನೋಡ್ರಿ, ಅಮೆರಿಕಾದಾಗ ಇದಕ್ಕ ಟ್ರೇಡ್ ಅಂತಾರ. ಎಂತೆಂಥಾ ಸ್ಟಾರ್ ಆಟಗಾರ್ರನ್ನ ಅದಲು ಬದಲು ಮಾಡ್ತಾರ. ನಾವು ಇನ್ನಾ ಹಿಂದ ಅದೀವಿ" ಎಂದಿರಿ. ಸಭೆ ತಲೆದೂಗಿತು. ನಮ್ಮ ಸಭೆ ಫ್ಯಾನ್ ತಿರುಗಿದರೂ ತಲೆದೂಗುತ್ತದೆ. ಹಗಲೆಲ್ಲ ಸಾರಿಗೆ ಡಿಪೋದಲ್ಲಿ ದುಡಿದು, ಸಂಜೆ ಖಾಕಿ ಅಂಗಿಯಲ್ಲೇ ಬಂದು ಮಕ್ಕಳಿಗೆ ಆಟ ಕಲಿಸುವ ಕೋಚ್ ಹುಲುಗೇಶ್ ಒಬ್ಬರೇ ಬಾಯಿ ಬಿಟ್ಟರು. "ಸರ, ಅಲ್ಲಿ ಆಟಗಾರ್ರಿಗೆ ಕೋಟಿಗಟ್ಲೆ ಪಗಾರ ಕೊಡ್ತಾರ್ರಿ. ನಾವು ಬಾಳಿಹಣ್ಣು ಕೊಡ್ತೀವಿ." ತಾವು ನಗಲಿಲ್ಲ. "ಬಾಳಿಹಣ್ಣು ಸಂಘದ ಖರ್ಚಿನಾಗ ಕೊಡೋದಲ್ಲೇನ್ರಿ?" ಎಂದು ಗಂಭೀರವಾಗಿ ಕೇಳಿದಿರಿ. ಸಂಘವು ಯಶೋಧರಾಳ ಮೇಲೆ ಹೂಡಿದ ಬಂಡವಾಳ ಎಷ್ಟೆಂದು ಆ ಹೊತ್ತಿಗೆ ಸಭೆಗೆ ಸ್ಪಷ್ಟವಾಯಿತು.

ಆಮೇಲೆ ತಮ್ಮ ವಾದ ಬಂತು. "ಒಬ್ಬಾಕಿ ಮ್ಯಾಲ ನಿಂತಿದ್ದು ತಂಡ ಅಲ್ರಿ. ಹೆಂಗೂ ಡಿಗ್ರಿ ಮುಗಿದ ಮ್ಯಾಲ ಹೋಗಾಕಿ. ಹೋಗೂಕ್ಕಿಂತ ಮುಂಚೆ ಏನರ ತಗೊಂಡ್ರ ಜಾಣತನ." ನಿಜ ಹೇಳಲೇ? ವಾದ ಪೂರ್ತಿ ಪೊಳ್ಳಲ್ಲ. ಇದ್ದಾಗ ಬೆಲೆ, ಹೋದ ಮೇಲೆ ಏನಿಲ್ಲ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೆ ಹಡಗಲಿಯ ಪಂದ್ಯಾವಳಿಗೆ ತಾವೂ ಬಂದಿದ್ದಿರಿ. ಮೊಳಗಟ್ಟಲೆ ಮಲ್ಲಿಗೆ ಹಾಕಿಸಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತಿದ್ದಿರಿ. ಮಾಲೆ ಕಣ್ಣಿಗೆ ಅಡ್ಡ ಬಂದಿರಬೇಕು. ಅಂದು ಕೊಟ್ಟೂರಿನ ತಂಡ ಮೂವರನ್ನು ಯಶೋಧರಾಳ ಸುತ್ತ ಕಾವಲಿಟ್ಟಿತು. ಮೂವರು ಅವಳೊಬ್ಬಳ ಹಿಂದೆ ಬಿದ್ದರೆ, ನಮ್ಮ ಉಳಿದ ನಾಲ್ವರ ಎದುರು ಅವರ ಕಡೆ ಉಳಿದವರು ಇಬ್ಬರೇ. ನನ್ನ ಮಗಳು, ಮನೆಯಲ್ಲಿ ಲೋಟ ಎತ್ತಿಡಲು ಹೋಗಿ ಬೀಳಿಸುವವಳು, ಆ ದಿನ ಬುಟ್ಟಿಗೆ ಹಾಕಿದ ಚೆಂಡುಗಳನ್ನು ನೋಡಿ ನಾನು ಪಕ್ಕದಲ್ಲಿದ್ದ ಅಪರಿಚಿತರನ್ನು ತಬ್ಬಿಕೊಂಡೆ. ಒಳ್ಳೆಯ ಆಟಗಾರ್ತಿಯೊಬ್ಬಳ ಸುತ್ತ ತಂಡ ಬೆಳೆಯುವುದು ಹೀಗೆ. ಫೈನಲ್‌ನಲ್ಲಿ ಕೂಡ್ಲಿಗಿಯವರ ಎದುರು ಸೋತೆವು, ಹೌದು. ಸೋತು ಬರುವಾಗ ಬಸ್ಸಿನಲ್ಲಿ ಆ ಮಕ್ಕಳು ಮುಂದಿನ ವರ್ಷದ ಲೆಕ್ಕಾಚಾರ ಹಾಕುತ್ತಿದ್ದರು. ತಾವು ಕಾರಿನಲ್ಲಿ ಬಂದವರು, ತಮಗೆ ಕೇಳಿಸಿರಲಾರದು.

ಅವಳ ಆಟ ಎಲ್ಲಿಂದ ಬಂತೆಂದಾದರೂ ಗೊತ್ತೇ? ಸಂಘದ ಕೃಪೆಯಿಂದ ಬಂತೆಂದು ತಾವು ಸಭೆಯಲ್ಲಿ ಹೇಳಿದಿರಿ, ಅದು ಒಂದು ಲೆಕ್ಕಕ್ಕೆ ಸತ್ಯವೇ. ಮೆಕ್ಕೆಜೋಳದ ಸುಗ್ಗಿ ಬಂದರೆ ನಮ್ಮೂರ ಆಟದ ಅಂಕಣದ ಮೇಲೆ ಜೋಳ ಒಣಗುತ್ತದೆ. ಸಿಮೆಂಟಿನ ನೆಲ, ಸುತ್ತ ತಂತಿಬೇಲಿ, ಒಣಹಾಕಲು ಇದಕ್ಕಿಂತ ಒಳ್ಳೆಯ ಜಾಗ ತಾಲ್ಲೂಕಿನಲ್ಲಿ ಇಲ್ಲ. ಸಂಘ ಅದನ್ನು ತಡೆದದ್ದೂ ಇಲ್ಲ. ನಡುವೆಲ್ಲ ಜೋಳ, ಚೆಂಡು ಪುಟಿಸಲು ಜಾಗವಿಲ್ಲ. ಹುಡುಗಿಯರು ಅಂಚಿನಲ್ಲಿ ನಿಂತು, ಜೋಳದ ಆಚೆಯಿರುವ ಬುಟ್ಟಿಗೆ ದೂರದಿಂದಲೇ ಎಸೆಯಬೇಕು. ಗುರಿ ತಪ್ಪಿದರೆ ಚೆಂಡು ಜೋಳದೊಳಗೆ. ಕಾವಲಿಗೆ ಕೂತ ಭರಮಮ್ಮ ಕೈಯಲ್ಲಿ ಕೋಲು ಹಿಡಿದು, "ಲೇ ಹುಡುಗ್ಯಾರ, ಕಾಳು ತುಳಿದ್ರ ಕಾಲು ಮುರಿತೀನಿ ನೋಡ್ರಿ!" ಎಂದು ಎದ್ದು ಬರುತ್ತಾಳೆ. ಉಳಿದವರು ಆ ತಿಂಗಳುಗಳಲ್ಲಿ ಮನೆಯಲ್ಲಿ ಉಳಿದರು. ಯಶೋಧರಾ ದಿನಾ ಬಂದಳು, ತಪ್ಪದಂತೆ ಎಸೆಯುವುದನ್ನು ಕಲಿತಳು. ಇಂದು ಹೊರಜಿಲ್ಲೆಯವರು ಬಾಯಿ ಬಿಟ್ಟು ನೋಡುವ ಅವಳ ಆ ದೂರದ ಹೊಡೆತವನ್ನು ಕಲಿಸಿದ್ದು ಭರಮಮ್ಮನ ಬೈಗುಳ. ಶ್ರೇಯಸ್ಸಿನಲ್ಲಿ ಪಾಲು ಕೇಳುವುದಾದರೆ ತಾವು ಮೊದಲು ಭರಮಮ್ಮನ ಹತ್ತಿರ ಮಾತಾಡಿಕೊಳ್ಳಿ.

ಇನ್ನು ತಾವು ತರುತ್ತಿರುವ ಮಾಲಿನ ವಿಚಾರ. ಪ್ರಾಂಗಣದಲ್ಲಿ ನಾವು ರಾಶಿಯ ಮೇಲ್ಭಾಗ ನೋಡಿ ದರ ಹೇಳುವುದಿಲ್ಲ. ಮೊಣಕೈವರೆಗೆ ಕೈ ತೂರಿಸಿ ಒಳಗಿನ ಕಾಳು ತೆಗೆದು, ಹಲ್ಲಿನಲ್ಲಿ ಕಡಿದು ಹಸಿ ಎಷ್ಟಿದೆ ನೋಡುತ್ತೇವೆ. ತಾವು ಇಬ್ಬರ ಫೋಟೊ ನೋಡಿ, "ಏನ್ ಎತ್ತರ ಅದಾರ್ರಿ!" ಎಂದಿರಿ. ಹುಲುಗೇಶ್ ವಿಚಾರಿಸಿದಾಗ ಗೊತ್ತಾದದ್ದು: ಒಬ್ಬಾಕೆಗೆ ಮೊಣಕಾಲಿನ ಆಪರೇಷನ್ ಆಗಿದೆ, ಇನ್ನೊಬ್ಬಾಕೆಗೆ ಬೇಸಿಗೆಯಲ್ಲಿ ಮದುವೆ. ಇಬ್ಬರಿಗೂ ದೇವರು ಒಳ್ಳೆಯದು ಮಾಡಲಿ. ಆದರೆ ನಮ್ಮ ತಂಡ ಕಟ್ಟಲು ಬರುವವರು ಇವರೇನು? ಉಳಿದದ್ದು ಗಾಜಿನ ಬೋರ್ಡು. ಗಾಜಿನ ಬೋರ್ಡಿನ ಉದ್ಘಾಟನೆ ಮಾಡಬಹುದು, ಟೇಪು ಕತ್ತರಿಸಬಹುದು, ಕೆಳಗೆ ತಮ್ಮ ಹೆಸರು ಕೆತ್ತಿಸಬಹುದು. ಹತ್ತೊಂಬತ್ತು ವರ್ಷದ ಹುಡುಗಿಯ ಮೇಲೆ ಹೆಸರು ಕೆತ್ತಿಸಲು ಬರುವುದಿಲ್ಲ, ಕಷ್ಟ ಅರ್ಥವಾಗುತ್ತದೆ.

ಇಷ್ಟು ಬರೆದು ಪತ್ರ ಮುಗಿಸುವುದು ನನ್ನ ಯೋಚನೆಯಾಗಿತ್ತು. "ಯಶೋಧರಾಳನ್ನು ಕೊಡಬೇಡಿ, ಅವಳ ಸುತ್ತಲೇ ತಂಡ ಕಟ್ಟಿ" ಎಂಬ ಕೊನೆಯ ಸಾಲನ್ನೂ ಬರೆದಿದ್ದೆ. ಅರ್ಚನಾ ಮೂರು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. "ಅಕಿ ಹೋದ್ರ ನಾ ಪಾಸ್ ಯಾರಿಗೆ ಕೊಡ್ಲಪ್ಪಾ?" ಎಂದು ಕೇಳಿದವಳಿಗೆ, "ಹೆಂಗ ಕಳಸ್ತಾರ ನೋಡೇ ಬಿಡ್ತೀನಿ" ಎಂದು ಮಾತು ಕೊಟ್ಟಿದ್ದೆ. ಪತ್ರ ಮಡಚುವ ಮುಂಚೆ ಅಂಗಡಿಯಲ್ಲಿ ಒಂದು ರಾಶಿಗೆ ಖರೀದಿದಾರರಿಂದ ದರ ಬಂತು. ಒಳ್ಳೆಯ ದರವೇ. ನಮ್ಮ ಪ್ರಾಂಗಣದ ಕ್ರಮ ತಮಗೂ ಗೊತ್ತಿದೆ: ದರ ಎಷ್ಟೇ ಬರಲಿ, ರಾಶಿಯ ಯಜಮಾನ ಒಪ್ಪುವವರೆಗೆ ಕಾಳು ಚೀಲಕ್ಕೆ ಬೀಳುವುದಿಲ್ಲ. ಅಂಗಡಿಯ ಹುಡುಗ ಹೋಗಿ "ಕೊಡ್ತೀರೇನ್ರಿ?" ಎಂದು ಕೇಳಿದ. ರಾಶಿಯ ಯಜಮಾನರು, ಬಾಗಳಿಯಿಂದ ಬಂದ ರೈತರು, ಬೀಡಿ ಆರಿಸುತ್ತ "ಇವತ್ತ ಕೊಡಂಗಿಲ್ಲ" ಎಂದರು. ಅಷ್ಟೇ, ವ್ಯಾಪಾರ ಮುಗಿಯಿತು. ಯಾರೂ ಅವರನ್ನು ಯಾಕೆ ಎಂದು ಕೇಳಲಿಲ್ಲ.

ಅಧ್ಯಕ್ಷರೇ, ಮೆಕ್ಕೆಜೋಳಕ್ಕೆ ಇಷ್ಟು ಮರ್ಯಾದೆ ಇದೆ. ಯಶೋಧರಾಳನ್ನು ಯಾರು ಕೇಳಿದರು? ತಾವು ಕೇಳಲಿಲ್ಲ, ಸಭೆ ಕೇಳಲಿಲ್ಲ. ಅವಳ ಪರವಾಗಿ ನಾಲ್ಕು ಹಾಳೆ ಬರೆದ ನಾನೂ ಕೇಳಿರಲಿಲ್ಲ.

ಅಂದು ಸಂಜೆಯೇ ಅವರ ಮನೆಗೆ ಹೋದೆ. ತಾಯಿ ಮಾರೆಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್, ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದರು. "ಬರ್ರಿ ಅಣ್ಣಾರ" ಎಂದು ಕುರ್ಚಿ ಹಾಕಿ ಚಹಾ ಕೊಟ್ಟರು. ನಾನು ಜಂಬದಿಂದ ಪತ್ರ ಓದಿ, "ಹೆದರಬ್ಯಾಡ ಮಗಳ, ನಿನ್ನ ಯಾರಿಗೂ ಕೊಡಂಗಿಲ್ಲ" ಎಂದೆ.

ಯಶೋಧರಾ ಪತ್ರವನ್ನು ಕೈಗೆ ತೆಗೆದುಕೊಂಡು ಕೊನೆಯ ಸಾಲನ್ನು ಮತ್ತೊಮ್ಮೆ ಓದಿದಳು. ಆಮೇಲೆ ಹೇಳಿದಳು: "ಅಂಕಲ್, ಸಿಟ್ಟಾಗಬ್ಯಾಡ್ರಿ. ಅಧ್ಯಕ್ಷರು ಕೊಡ್ತೀವಿ ಅಂತಾರ, ನೀವು ಕೊಡಂಗಿಲ್ಲ ಅಂತೀರಿ. ಇಬ್ರೂ ನನ್ನನ್ನ ಸಾಮಾನಿನಂಗ ಕೈಯಾಗ ಹಿಡಕಂಡೇ ಮಾತಾಡ್ತೀರಿ."

ಚಹಾದ ಲೋಟ ಕೆಳಗಿಟ್ಟೆ. ಹಾಗಾದರೆ ನಿನ್ನ ಮನಸ್ಸಿನಲ್ಲಿ ಏನಿದೆ ಎಂದು, ಇಡೀ ಊರಿನಲ್ಲಿ ಮೊದಲನೆಯವನಾಗಿ ಕೇಳಿದೆ.

"ನನಗ ಹೋಗಾಕ ಮನಸ್ಸೈತ್ರಿ. ಅಲ್ಲಿ ಹಾಸ್ಟೆಲ್ ಐತಿ, ಕಾಲೇಜ್ ಐತಿ, ವರ್ಷಪೂರ್ತಿ ಕೋರ್ಟ್ ಖಾಲಿ ಇರ್ತೈತಿ. ಸೋಮವಾರ ಆ ಕ್ಲಬ್ಬಿನ್ಯಾಗ ಯಾರು ಬೇಕಾದ್ರೂ ಬಂದು ಆಡೋ ಆಯ್ಕೆ ಐತಿ. ನಾ ಆಡಿ ಆಯ್ಕೆ ಆಗ್ತೀನಿ. ಆದ್ರ ಬೋರ್ಡಿನ ಬದ್ಲಿ ಹೋಗಂಗಿಲ್ಲ. ಹಂಗ ಕಳಸೋದಾದ್ರ ಚೆಂಡು ಮುಟ್ಟೋದ ಬಿಟ್ಟು ಬಿಡ್ತೀನಿ."

ಹುಡುಗಾಟದ ಹಟ ಇರಬೇಕೆಂದು ನಾನು ತಾಯಿಯ ಮುಖ ನೋಡಿದೆ. ಮಾರೆಮ್ಮ ದನಿ ಎತ್ತಲಿಲ್ಲ. "ನಮ್ಮ ತಾತನ್ನ ಎರಡು ಚೀಲ ಜೋಳಕ್ಕ ಜೀತಕ್ಕ ಇಟ್ಟಿದ್ರು ಅಣ್ಣಾರ. ಆ ಜೋಳ ಯಾವತ್ತೋ ತಿಂದು ಮುಗೀತು. ತಾತ ಮಾತ್ರ ಸಾಯೋತನ ಅವರ ಮನಿಯಾಗ ದುಡಿದ. ಮನಿಷಾನ್ನ ಕೊಟ್ಟು ಏನರ ತಗೊಳ್ಳೋದು ನಮ್ಮ ಮನಿಯಾಗ ಅಲ್ಲಿಗೆ ಮುಗಿದೈತಿ. ಇಕಿ ಹೋದ್ರ ತನ್ನ ಆಟದ ಮ್ಯಾಲ ಹೋಗ್ಲಿ, ಇಲ್ಲಾಂದ್ರ ಇಲ್ಲೇ ಇರ್ಲಿ."

ನನಗೆ ನಾಚಿಕೆಯಾಯಿತು ಅಧ್ಯಕ್ಷರೇ.  ಮನೆಗೆ ಬಂದು ಅರ್ಚನಾಳಿಗೆ ಕೊಟ್ಟ ಮಾತು ಮುರಿದೆ. ಅವಳು ಅತ್ತಳು. ಅತ್ತು ಮುಗಿಸಿ, ಯಶೋಧರಾಳಿಗೆ ಫೋನ್ ಹಚ್ಚಿ ಸೋಮವಾರ ಯಾವ ಬಸ್ಸಿಗೆ ಹೋಗುತ್ತೀ ಎಂದು ಕೇಳಿದಳು.

ಆದ್ದರಿಂದ ನನ್ನ ಬೇಡಿಕೆ ಬದಲಾಗಿದೆ. ಅವಳನ್ನು ಇಟ್ಟುಕೊಳ್ಳಿ ಎಂದು ನಾನು ಕೇಳುತ್ತಿಲ್ಲ. ಸಂಘದ ನಿರಾಕ್ಷೇಪಣಾ ಪತ್ರವಿಲ್ಲದೆ ಆ ಕ್ಲಬ್ಬು ಅವಳನ್ನು ಸೇರಿಸಿಕೊಳ್ಳುವುದಿಲ್ಲ, ಆ ಪತ್ರ ತಮ್ಮ ಮೇಜಿನ ಮೇಲೆ ಬೋರ್ಡು ಬರುವುದನ್ನು ಕಾಯುತ್ತ ಬಿದ್ದಿದೆ. ಶನಿವಾರದೊಳಗೆ ಅದಕ್ಕೆ ಸಹಿ ಹಾಕಿ. ಬದಲಿಗೆ ಬೋರ್ಡು ಬೇಡ, ಆಟಗಾರ್ತಿಯರು ಬೇಡ, ಏನೂ ಬೇಡ ಎಂದು ಆ ಕ್ಲಬ್ಬಿಗೂ ಬರೆದು ತಿಳಿಸಿ. ಫ್ಲೆಕ್ಸ್ ಇಳಿಸಿ. ನಮ್ಮ ತಂಡವನ್ನು ಉಳಿದ ಮಕ್ಕಳಿಂದಲೇ, ಈಗಿರುವ ಹಳೆಯ ಮರದ ಬೋರ್ಡಿನ ಕೆಳಗೇ ಹುಲುಗೇಶ್ ಮತ್ತೆ ಕಟ್ಟುತ್ತಾರೆ. ಅದಕ್ಕೆ ವರ್ಷಗಳು ಬೇಕಾದಾವು, ನಾವು ಸೋಲುತ್ತ ಇರುತ್ತೇವೆ. ಅವಳು ಆ ಊರಿನ ಅಂಗಿ ತೊಟ್ಟು ಒಂದು ದಿನ ಇಲ್ಲಿಗೇ ಬಂದು ನಮ್ಮನ್ನು ಸೋಲಿಸಲಿ. ನಾನು ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ. ಎದುರಿನವರ ಬುಟ್ಟಿಗೆ ಚಪ್ಪಾಳೆ ಹೊಡೆದೆನೆಂದು ಮಗಳು ಬೈದರೆ ಬೈಸಿಕೊಳ್ಳುತ್ತೇನೆ.

ಇಂತಿ, ಕೇಳದೇ ಮಾಲು ಮುಟ್ಟಬಾರದೆಂಬ ಕಸುಬಿನ ಪಾಠವನ್ನು ಹತ್ತೊಂಬತ್ತರ ಹುಡುಗಿಯಿಂದ ಕಲಿತು ಬಂದ,

ಕರಿಸಿದ್ದಪ್ಪ
ಮೆಕ್ಕೆಜೋಳದ ದಲಾಲಿ, ಹರಪನಹಳ್ಳಿ