ಕಲ್ಲಿಗೆ ಮೆತ್ತಿದ ಗ್ರೀಸ್

ಅಕ್ಕಾ,

ಬ್ಯಾಟರಿಗೆ ಬೇಕಾದ ಲಿಥಿಯಂ ಹುಡುಕುವ ಈ ಕ್ಯಾಂಪಿಗೆ ಬಂದು ಹನ್ನೊಂದು ದಿನವಾಯಿತು. ಬೆಳಗಿನಿಂದ ಸಂಜೆಯವರೆಗೆ ತಗಡಿನ ಶೆಡ್ಡಿನಲ್ಲಿ ಕೂತು ಕಲ್ಲಿಗೆ ಲೇಸರ್ ಹೊಡೆಯುವುದೇ ನನ್ನ ಕೆಲಸ. ನೆಲ ಕೊರೆದು ತೆಗೆದ ದುಂಡನೆಯ ಕಲ್ಲಿನ ಕೋಲುಗಳು ಮೇಜಿನ ತುಂಬ ಇವೆ. ಟಪ್ಪೆಂದು ಕಿಡಿ ಹಾರುತ್ತದೆ. ಆ ಬೆಳಕನ್ನು ಯಂತ್ರ ಬಣ್ಣಬಣ್ಣವಾಗಿ ಬಿಡಿಸಿ, ಇದು ಯಾವ ಖನಿಜ, ಇದರಲ್ಲಿ ಲಿಥಿಯಂ ಎಷ್ಟು ಎಂದು ಹೇಳುತ್ತದೆ.

ಮೊನ್ನೆ ಒಂದು ತುಂಡನ್ನು ಬರೀ ಬೆಣಚುಕಲ್ಲು ಎಂದಿತು, ಲಿಥಿಯಂ ಮಾತ್ರ ತುಂಬಿ ತುಳುಕುತ್ತಿದೆ ಎಂದಿತು. ಬೆಣಚುಕಲ್ಲಿನಲ್ಲಿ ಅಷ್ಟು ಇರುವುದಿಲ್ಲ. ಮ್ಯಾನೇಜರ್ ಆಗಲೇ ಕುಣಿದಾಡಿ ಮೇಲಿನವರಿಗೆ ಫೋನ್ ಮಾಡಿಬಿಟ್ಟಿದ್ದರು. ಕೊರೆಯುವ ಮೇಸ್ತ್ರಿ ಇಣುಕಿ ನೋಡಿ, "ಅಯ್ಯೋ, ಅದು ನನ್ನ ಮಿಷನ್ನಿನ ಗ್ರೀಸ್ ಕಣಮ್ಮಾ. ಡಬ್ಬಿ ಮೇಲೇ ಬರ್ದಿದೆ ನೋಡು, ಲಿಥಿಯಂ ಗ್ರೀಸ್ ಅಂತ" ಎಂದರು. ಲೇಸರ್ ನೋಡುವುದು ಕಲ್ಲಿನ ಮೈಯನ್ನಷ್ಟೇ. ಒಡೆದು ಒಳಭಾಗಕ್ಕೆ ಹೊಡೆದೆ, ಸೊನ್ನೆ ಬಂತು. ಮ್ಯಾನೇಜರ್ ಮುಖ ನೋಡಬೇಕಿತ್ತು ನೀನು.

ನನ್ನ ಕೆಮ್ಮು ಹೋಯಿತು. ನೀನು ರಕ್ತ ಪರೀಕ್ಷೆಗೆ ಹೋಗಿ ಐದು ತಿಂಗಳಾಯಿತಂತೆ. "ನೋಡೋಕೆ ಆರಾಮಾಗೇ ಇದ್ದಾಳೆ" ಎಂದು ಭಾವ ಬರೆದಿದ್ದಾರೆ. ಭಾವನದೂ ನಮ್ಮ ಲೇಸರ್ ಕಣ್ಣೇ. ಮನಸ್ಸು ಹತೋಟಿಯಲ್ಲಿರಲಿ ಎಂದು ಡಾಕ್ಟರು ನಿನಗೆ ಕೊಟ್ಟಿರುವ ಬಿಳಿ ಮಾತ್ರೆಯೂ ಇದೇ ಲಿಥಿಯಂ. ನುಂಗುತ್ತಿದ್ದೀಯೋ ಇಲ್ಲವೋ ರಕ್ತ ಹೇಳುತ್ತದೆ. ಬರೀ ಕಾರ್ಡು, ಪೋಸ್ಟ್‌ಮ್ಯಾನ್ ಇದನ್ನು ಓದುತ್ತಾನೆ, ಓದಲಿ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಸೋಮವಾರ ಹೋಗಿ ರಕ್ತ ಕೊಟ್ಟು ಬಾ. ಆರಾಮಾಗಿದ್ದೀನಿ ಅಂತ ಬರೀಬೇಡ, ಎಷ್ಟು ಬಂತು ಅನ್ನೋದಷ್ಟೇ ಬರಿ.

ನಿನ್ನ ತಂಗಿ