ಪರೀಕ್ಷೆಗೆ ಮಾತ್ರ ಓಡುವ ಇಂಟರ್ನೆಟ್

ನಮ್ಮ ಬ್ರಾಡ್‌ಬ್ಯಾಂಡ್ ಕಂಪನಿಯ ದೂರು ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ತಿಂಗಳಿಗೆ ಹತ್ತು ಜಿಬಿ ಕೊಡುತ್ತೇವೆಂದು ಹೇಳಿ, ಅದರಲ್ಲಿ ಮೂರು ಜಿಬಿಯನ್ನು ನೀವೇ ತಿಂದಿದ್ದೀರಿ. ವೇಗ ಸಾಲದೆಂದು ನಾನು ಫೋನ್ ಮಾಡಿದಾಗಲೆಲ್ಲ ನಿಮ್ಮವರು "ಮೊದಲು ಸ್ಪೀಡ್ ಟೆಸ್ಟ್ ಮಾಡಿ ಮೇಡಂ" ಎಂದು ನೂರು ಎಂಬಿಯ ಫೈಲೊಂದನ್ನು ಇಳಿಸಿಕೊಳ್ಳಲು ಹೇಳಿದರು. ಮೂವತ್ತು ಸಲ ಇಳಿಸಿಕೊಂಡೆ. ಮೂವತ್ತೂ ಸಲ ಅದು ನನ್ನ ಬಳಕೆಯ ಲೆಕ್ಕಕ್ಕೇ ಸೇರಿತು. ಹತ್ತು ಜಿಬಿ ಮುಗಿದದ್ದೇ ತಡ, ಇಂಟರ್ನೆಟ್ ತೆವಳತೊಡಗಿತು. ಆ ಪರೀಕ್ಷೆಯ ಫೈಲ್ ಮಾತ್ರ ಆಗಲೂ ಓಡೋಡಿ ಬಂತು! ವಿಚಾರಿಸಿದರೆ, ನಿಮ್ಮ ನಿಯಮದಲ್ಲಿ ಅದಕ್ಕೆ ಮೊದಲ ದಾರಿಯಂತೆ, ಫೋನ್ ಮಾತಿಗೆ ಎರಡನೆಯದಂತೆ, ವಿಡಿಯೋ ಕಟ್ಟಕಡೆಗಂತೆ. ವೇಗ ಸರಿಯಿದೆಯೆಂದು ಪ್ರತಿಸಲ ನನ್ನ ದೂರನ್ನು ಮುಚ್ಚಿದಿರಿ. ಅಳೆಯುವುದಕ್ಕಷ್ಟೇ ಇರುವ ವೇಗವನ್ನು ಇಟ್ಟುಕೊಂಡು ನಾನೇನು ಉಪ್ಪಿನಕಾಯಿ ಹಾಕಲೇ?

ಹೆಬ್ಬಗೋಡಿಯ ನಮ್ಮ ವಠಾರದಲ್ಲಿ ಬಾಡಿಗೆಗಿರುವ ಚನ್ನಕ್ಕ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೂ ಗದಗಿನಲ್ಲಿರುವ ತಂಗಿ ಮಹಾದೇವಿಗೂ ಹುಟ್ಟಿನಿಂದ ಕಿವಿ ಕೇಳಿಸದು. ಇಬ್ಬರೂ ಓದುಬರಹ ಕಲಿತವರಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇವಳು ನಮ್ಮ ಕಂಪ್ಯೂಟರಿನ ಮುಂದೆ, ಅವಳು ಅಲ್ಲಿನ ಸೈಬರ್ ಕೆಫೆಯಲ್ಲಿ ಕುಳಿತು ವಿಡಿಯೋದಲ್ಲಿ ಕೈಸನ್ನೆಯಲ್ಲೇ ಊರ ಸುದ್ದಿಯನ್ನೆಲ್ಲ ಹರಟುತ್ತಾರೆ. ಕಳೆದ ಭಾನುವಾರ ಮಹಾದೇವಿ ತನ್ನನ್ನು ನೋಡಿಹೋದ ಗಂಡಿನ ಫೋಟೋ ತೋರಿಸಿ, ಒಪ್ಪಲೇ ಎಂದು ಕೇಳಿದಳು. ಅವನು ಹೋದ ವರ್ಷ ನಮ್ಮ ಬೀದಿಯಲ್ಲೇ ಇದ್ದವನು. ಕುಡಿದು ಯಾವ ಮೋರಿಗೆ ಬೀಳುತ್ತಿದ್ದನೆಂಬುದೂ ಚನ್ನಕ್ಕನಿಗೆ ಗೊತ್ತು. ಅವಳು ಕೈ ಎತ್ತಿದಳು, ಚಿತ್ರ ನಿಂತೇಹೋಯಿತು. ನಾನೇ ಅವರ ಸೋದರಮಾವನಿಗೆ ಫೋನ್ ಮಾಡಿದರೆ, "ಹುಡುಗಿ ಒಪ್ಪಿದ್ರ ಆತು, ನೀವ್ಯಾರ್ರೀ ಹೇಳಾಕ?" ಎಂದು ಫೋನ್ ಇಟ್ಟುಬಿಟ್ಟರು.

ಮತ್ತೆ ನಿಮ್ಮವರಿಗೇ ಮೊರೆಯಿಟ್ಟೆ.

"ವಿಡಿಯೋ ಬಿಡಿ ಮೇಡಂ, ವಾಯ್ಸ್ ಕಾಲ್ ಮಾಡಿ. ಕ್ಲಿಯರಾಗಿ ಕೇಳ್ಸುತ್ತೆ."

"ಯಾರಿಗೆ ಕೇಳ್ಸುತ್ತಪ್ಪಾ? ಇಬ್ರಿಗೂ ಕಿವಿ ಕೇಳ್ಸಲ್ಲ."

"ಹಂಗಾದ್ರೆ ವಾಲ್ಯೂಮ್ ಜಾಸ್ತಿ ಮಾಡಿ ಮೇಡಂ."

ನನಗೆ ನಗು ಬಂತು, ಆಮೇಲೆ ಫೋನ್ ಕುಕ್ಕಿದೆ. ಪಕ್ಕದಲ್ಲಿ ನಿಂತಿದ್ದ ಚನ್ನಕ್ಕ ಏನಂದರೆಂದು ಕೈಯಲ್ಲೇ ಕೇಳಿದಳು. ನನಗೆ ಬರುವಷ್ಟು ಸನ್ನೆಯಲ್ಲಿ ತಿಳಿಸಿದೆ. ಅವಳು ಮಾಡಿದ ಸನ್ನೆಯನ್ನು ಇಲ್ಲಿ ಬರೆಯುವಂತಿಲ್ಲ.

ಬರುವ ಭಾನುವಾರ ಮಧ್ಯಾಹ್ನ ಗಂಡಿನ ಕಡೆಯವರು ಉತ್ತರ ಕೇಳಲು ಬರುತ್ತಾರೆ. ನೀವು ತಿಂದ ಮೂರು ಜಿಬಿ ಅಷ್ಟರೊಳಗೆ ವಾಪಸು ಬರಬೇಕು. ಅಂದು ಬೆಳಿಗ್ಗೆ ಹತ್ತಕ್ಕೆ ನಿಮ್ಮ ಪರೀಕ್ಷೆಯ ಫೈಲ್ ಓಡುವ ದಾರಿಯಲ್ಲಿ ಚನ್ನಕ್ಕನ ಎರಡು ಕೈಗಳನ್ನು ಬಿಡಿ. ಬೇಡವೆನ್ನಲು ಅವಳಿಗೆ ಅರ್ಧ ನಿಮಿಷ ಸಾಕು.

ಇಂತಿ,
ನಿಮ್ಮ ದಾಖಲೆಯಲ್ಲಿ ಮೂವತ್ತು ಸಲ ಸಮಾಧಾನಗೊಂಡಿರುವ ಗ್ರಾಹಕಿ
ಅನುಸೂಯಮ್ಮ, ಹೆಬ್ಬಗೋಡಿ